ಕೊನೆ ಗೊತ್ತಿದ್ದೂ ಬಿಡದ ಕಥೆ

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಆಸುಪಾಸಿನಲ್ಲಿರುವ ಎರಡು ಬೆಟ್ಟಗಳಿಗೆ ಎರಡು ಬಗೆಯ ಕಥೆ ಅಂಟಿಕೊಂಡಿದೆ. ಬ್ರಹ್ಮಗಿರಿಯ ಬಂಡೆಗಲ್ಲಿನ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದಾಗ ಅದರಲ್ಲಿ ಅರಸನ ಬಿರುದಿತ್ತು, ಅಶೋಕ ಎಂಬ ಹೆಸರಿರಲಿಲ್ಲ. ಆ ಬಿರುದು ಯಾರದೆಂದು ವಿದ್ವಾಂಸರು ಬೇರೆ ಆಧಾರಗಳಿಂದ ಊಹಿಸಿದ್ದರು. ಹೆಸರನ್ನೇ ಕೆತ್ತಿದ ಶಾಸನ ರಾಯಚೂರು ಸೀಮೆಯ ಮಸ್ಕಿಯಲ್ಲಿ ಸಿಕ್ಕಿದ್ದು 1915ರಲ್ಲಿ. ಇನ್ನೊಂದು ಬೆಟ್ಟ ಜಟಿಂಗ ರಾಮೇಶ್ವರ. ರಾವಣನೊಡನೆ ಹೋರಾಡಿದ ಜಟಾಯು ಬಿದ್ದದ್ದು ಇಲ್ಲೇ ಎಂದು ಸುತ್ತಲಿನವರು ನಂಬುತ್ತಾರೆ. ಈ ಕಥೆಯಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಹಕ್ಕಿ ಸೋಲುತ್ತದೆಂದು ಮಕ್ಕಳಿಗೂ ಗೊತ್ತು. ಆದರೂ ರೆಕ್ಕೆ ಕಡಿಯುವ ಘಟ್ಟ ಬಂದಾಗ ಕೇಳುವವರ ಎದೆ ಬಿಗಿಯುತ್ತದೆ.

ಕಥೆಯಲ್ಲಿ ಕುತೂಹಲ ಹುಟ್ಟಿಸುವ ದಾರಿಗಳೂ ಹೀಗೆ ಎರಡು. ಒಂದು, ಹೆಸರನ್ನು ಕೊನೆಯ ತನಕ ಬಚ್ಚಿಡುವುದು. ಇನ್ನೊಂದು, ಆಗುವುದನ್ನು ಮೊದಲೇ ಹೇಳಿಬಿಟ್ಟು ಅದು ಹೇಗೆ, ಯಾವಾಗ ಬಂದೆರಗುತ್ತದೆ ಎಂದು ಕಾಯಿಸುವುದು. ಕನ್ನಡದ ಒಳ್ಳೆಯ ಕಥೆಗಾರರ ಕೈ ಪಳಗಿರುವುದು ಎರಡನೆಯ ದಾರಿಯಲ್ಲಿ. ವಿಮರ್ಶೆ ಮಾತ್ರ ಕುತೂಹಲವೆಂದರೆ ಪತ್ತೇದಾರಿ ಎಂದು ತಿಳಿದು ಈ ಕಸುಬಿನತ್ತ ಕಣ್ಣು ಹಾಯಿಸಿದ್ದು ಕಡಿಮೆ.

ಪತ್ತೇದಾರಿ ಪರಂಪರೆಯನ್ನು ಹಗುರವಾಗಿ ಕಾಣಬೇಕಿಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಮ. ರಾಮಮೂರ್ತಿಯವರ ಕಾದಂಬರಿಗಳು ಸಾವಿರಾರು ಜನರಿಗೆ ಕನ್ನಡ ಓದುವ ರುಚಿ ಹತ್ತಿಸಿದವು. ಆದರೆ ಕೊಲೆಗಾರ ಯಾರೆಂದು ತಿಳಿದ ಮೇಲೆ ಅಂಥ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಳ್ಳುವವರು ವಿರಳ. ಗುಟ್ಟಿನ ಮೇಲೆಯೇ ನಿಂತ ಕಥೆ ಗುಟ್ಟು ಒಡೆದಾಗ ಕುಸಿಯುತ್ತದೆ.

ಎರಡನೆಯ ದಾರಿಗೆ ‘ಕೆರೆಗೆ ಹಾರ’ ಕಥನಗೀತೆಯನ್ನು ನೋಡಿ. ಸೊಸೆ ಭಾಗೀರಥಿ ಕೆರೆಗೆ ಬಲಿಯಾಗುತ್ತಾಳೆಂಬುದು ಕೇಳುಗರಿಗೆ ಗೊತ್ತು. ಸ್ವತಃ ಅವಳಿಗೂ ಗೊತ್ತು. ತವರಿಗೆ ಹೋಗುತ್ತಾಳೆ, ಗೆಳತಿಯನ್ನು ಕಾಣುತ್ತಾಳೆ, ಮರಳುತ್ತಾಳೆ. ಕೊನೆಯಲ್ಲಿ ಮರೆತು ಬಂದ ಬಂಗಾರದ ಬಟ್ಟಲು ತರಲು ಒಬ್ಬಳೇ ಇಳಿಯುತ್ತಾಳೆ. ಅವಳು ಮೆಟ್ಟಿಲು ಮೆಟ್ಟಿಲು ಹತ್ತುತ್ತಿದ್ದಂತೆ ನೀರೂ ಮೇಲೇರುತ್ತದೆ. ಹಾಡು ಒಂದೇ ವಾಕ್ಯರಚನೆಯನ್ನು ಮತ್ತೆ ಮತ್ತೆ ತರುತ್ತದೆ, ಪ್ರತಿ ಸಲ ಮೆಟ್ಟಿಲಿನ ಎಣಿಕೆ ಮತ್ತು ನೀರಿನ ಮಟ್ಟ ಮಾತ್ರ ಬದಲಾಗುತ್ತವೆ. ಕುತೂಹಲದ ಯಂತ್ರ ಇಷ್ಟೇ: ಪುನರುಕ್ತಿ ಮತ್ತು ತಡ. ಚಳ್ಳಕೆರೆ ತಾಲ್ಲೂಕಿನ ಗೊಲ್ಲರಹಟ್ಟಿಯ ಸಿರಿಯಜ್ಜಿಯಂಥ ಕಾಡುಗೊಲ್ಲ ಹಾಡುಗಾರ್ತಿಯರಿಗೂ ಇದು ಕರಗತವಾಗಿತ್ತು. ಒಬ್ಬರು ಹೇಳಿದ ಸೊಲ್ಲನ್ನು ಜೊತೆಯವರು ಎತ್ತಿ ಹಾಡುವಾಗ ಕಥೆ ಒಂದು ಗಳಿಗೆ ನಿಲ್ಲುತ್ತದೆ. ಮುಂದಿನದು ಗೊತ್ತಿದ್ದವರೂ ಆ ಗಳಿಗೆಯಲ್ಲಿ ಕಾಯಲೇಬೇಕು.

ಸಣ್ಣಕಥೆಗೆ ಬಂದರೆ ಅಜ್ಜಂಪುರದ ಸೀತಾರಾಂ, ಅಂದರೆ ‘ಆನಂದ’ರ ‘ನಾನು ಕೊಂದ ಹುಡುಗಿ’ಯನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಶೀರ್ಷಿಕೆಯೇ ಸಾವನ್ನೂ ಕೊಂದವನನ್ನೂ ಹೇಳಿಬಿಡುತ್ತದೆ. ಪತ್ತೇದಾರಿ ಕಥೆ ಮುಗಿಯುವಲ್ಲಿ ಈ ಕಥೆ ಶುರುವಾಗುತ್ತದೆ. ಶಿಲ್ಪ ನೋಡಲು ಹಳ್ಳಿಗೆ ಬಂದ ಓದಿದ ಗಂಡಸು ಊರ ಗೌಡನ ಮನೆಯಲ್ಲಿ ಉಳಿದುಕೊಳ್ಳುತ್ತಾನೆ. ಆ ಮನೆಯ ಮಗಳು ಚೆನ್ನಮ್ಮ ಅಕ್ಕರೆಯಿಂದ ಉಪಚರಿಸುತ್ತಾಳೆ. ಓದುಗರು ಮೊದಲು ಹುಡುಕುವುದು ಒರಟು ಅಪರಾಧವನ್ನು: ಇವನು ಅವಳ ಮೇಲೆ ಕೈ ಮಾಡುತ್ತಾನೆಯೇ, ಮೋಸಗೊಳಿಸುತ್ತಾನೆಯೇ? ಲೇಖಕರು ಈ ಅನುಮಾನವನ್ನು ಬೇಕೆಂದೇ ಬೆಳೆಯಗೊಡುತ್ತಾರೆ. ರಾತ್ರಿ ಅವಳು ಅವನ ಕೋಣೆಗೆ ಬಂದಾಗ ಗುಟ್ಟು ಹೊರಬೀಳುತ್ತದೆ. ಅವಳು ಬಸವಿ, ದೇವರಿಗೆ ಬಿಟ್ಟವಳು. ಅತಿಥಿಯ ಸೇವೆಯನ್ನು ದೇವರ ಸೇವೆಯೆಂದೇ ನಂಬಿದವಳು. ಅವನು ಅವಳನ್ನು ಮುಟ್ಟುವುದಿಲ್ಲ. ಬುದ್ಧಿ ಹೇಳುತ್ತಾನೆ, ಈ ಬದುಕು ಪಾಪವೆನ್ನುತ್ತಾನೆ. ಆ ಒಳ್ಳೆಯ ಮಾತೇ ಅವಳನ್ನು ಬಾವಿಗೆ ನೂಕುತ್ತದೆ.

ಇಲ್ಲಿ ಉತ್ತಮ ಪುರುಷದ ನಿರೂಪಣೆ ಬರಿಯ ಅಲಂಕಾರವಲ್ಲ. ಹೇಳುತ್ತಿರುವವನಿಗೆ ಕೊನೆ ಗೊತ್ತು, ಆದರೆ ಕಥೆಯೊಳಗೆ ಓಡಾಡುವ ಅದೇ ‘ನಾನು’ವಿಗೆ ಏನೂ ಗೊತ್ತಿಲ್ಲ. ಈ ಎರಡು ‘ನಾನು’ಗಳ ನಡುವಿನ ಅಂತರದಲ್ಲೇ ಕಥೆಯ ಬಿಗಿ ಇದೆ. ಎರಡನೆಯ ಓದಿನಲ್ಲಿ ಹುಡುಗಿಯ ಪ್ರತಿಯೊಂದು ಉಪಚಾರಕ್ಕೂ ಬೇರೆ ಅರ್ಥ ಬರುತ್ತದೆ. ಕೊಂದದ್ದು ಸಂಪ್ರದಾಯವೋ, ಅದನ್ನು ಒಂದೇ ರಾತ್ರಿಯಲ್ಲಿ ಕಿತ್ತುಹಾಕಲು ಹೊರಟ ಸುಧಾರಣೆಯೋ ಎಂಬ ಪ್ರಶ್ನೆಯನ್ನು ಕಥೆ ತೀರಿಸುವುದಿಲ್ಲ. ಕನ್ನಡದಲ್ಲಿ ಇಷ್ಟು ನಿಷ್ಠುರವಾಗಿ ಕಟ್ಟಿದ ಕುತೂಹಲದ ಕಥೆಗಳು ಬೆರಳೆಣಿಕೆಯಷ್ಟು.

ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನ ಕನ್ನಡಕ್ಕೆ ಟಿ.ಎಸ್. ವೆಂಕಣ್ಣಯ್ಯನವರನ್ನೂ ತ.ಸು. ಶಾಮರಾಯರನ್ನೂ ಕೊಟ್ಟಿತು. ಅದೇ ಮನೆತನದ ತ.ರಾ. ಸುಬ್ಬರಾಯರು, ಅಂದರೆ ತರಾಸು (1920–1984), ಈ ಕಸುಬನ್ನು ಕಾದಂಬರಿಯ ಹರಹಿಗೆ ಒಯ್ದರು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಚಿತ್ರದುರ್ಗದ ಅರಮನೆಯ ಒಳಸಂಚು ಪಿಸುಮಾತಿನಿಂದ ಪಿಸುಮಾತಿಗೆ ಸಾಗುತ್ತದೆ; ಸಂಚು ಹೂಡುವವರು ಯಾರೆಂದು ಓದುಗರಿಗೆ ತಿಳಿದಿರುತ್ತದೆ, ಬಲಿಯಾಗುವವರಿಗೆ ತಿಳಿದಿರುವುದಿಲ್ಲ. 1982ರ ‘ದುರ್ಗಾಸ್ತಮಾನ’ವಂತೂ ಹೆಸರಿನಲ್ಲೇ ಕೊನೆಯನ್ನು ಹೊತ್ತಿದೆ. 1779ರಲ್ಲಿ ಹೈದರಾಲಿಗೆ ಕೋಟೆ ಬೀಳುತ್ತದೆಂದು ತಿಳಿದೇ ಓದುಗರು ಆ ದಪ್ಪ ಪುಸ್ತಕ ತೆರೆಯುತ್ತಾರೆ. ದುರ್ಗದ ಎಳೆಯ ನಾಯಕ ಮದಕರಿ ಒಮ್ಮೆ ಹೈದರನ ಜೊತೆ ನಿಂತು, ಮುಂದೆ ಅವನಿಗೇ ಎದುರಾಗುವ ತನಕ ಪ್ರತಿ ತೀರ್ಮಾನದಲ್ಲೂ ಇನ್ನೊಂದು ದಾರಿ ಇತ್ತಲ್ಲ ಎನಿಸುತ್ತದೆ. ಆ ‘ಇತ್ತಲ್ಲ’ ಎಂಬ ಸಂಕಟವೇ ಪುಟ ತಿರುಗಿಸುತ್ತದೆ. ಈ ಕೃತಿಗೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಲೇಖಕರು ಬದುಕಿರಲಿಲ್ಲ.

ತರಾಸು ಅವರ ಕೊರತೆಯೂ ಇಲ್ಲಿಂದಲೇ ಹುಟ್ಟುತ್ತದೆ. ಕಾಯಿಸುವ ಧೈರ್ಯ ಕಥನದಲ್ಲಿರುವಷ್ಟು ಸಂಭಾಷಣೆಯಲ್ಲಿಲ್ಲ. ಓದುಗರು ಆಗಲೇ ಅರಿತ ಭಾವವನ್ನು ಪಾತ್ರಗಳು ಬಾಯಿಬಿಟ್ಟು ವಿವರಿಸಿದಾಗ ಬಿಗಿದ ಹಗ್ಗ ಸಡಿಲವಾಗುತ್ತದೆ. ಆನಂದರ ನಿರೂಪಕ ತನ್ನ ತಪ್ಪನ್ನು ಕೆಲವೇ ಮಾತುಗಳಲ್ಲಿ ಹೊರುತ್ತಾನೆ. ದುರ್ಗದ ವೀರರು ತಮ್ಮ ನೋವನ್ನು ಪುಟಗಟ್ಟಲೆ ಆಡುತ್ತಾರೆ. ಹೀಗಿದ್ದರೂ ಮುತ್ತಿಗೆಯ ಭಾಗಗಳಲ್ಲಿ ಅವರ ಗದ್ಯ ಮಾತು ಕಡಿಮೆ ಮಾಡಿ ಬಾಗಿಲು, ಬತೇರಿ, ಕಾವಲುಗಳತ್ತ ತಿರುಗಿದಾಗ ಮತ್ತೆ ಹಿಡಿತಕ್ಕೆ ಬರುತ್ತದೆ. ಸಣ್ಣಕಥೆ ಬರೆಯುವವರು ತರಾಸು ಅವರಿಂದ ಕಲಿಯಬೇಕಾದದ್ದು ಆ ಪುಟಗಳಲ್ಲಿದೆ.