ಮೃಗಯೆಯ ಭಾರ

ಮಹಾಕಾವ್ಯದಲ್ಲಿ ವರ್ಣಿಸತಕ್ಕ ವಿಷಯಗಳನ್ನು ಎಣಿಸುವಾಗ ಸಾಹಿತ್ಯದರ್ಪಣಕಾರನಾದ ವಿಶ್ವನಾಥನು ಮೃಗಯೆಯನ್ನೂ ಸೇರಿಸಿರುವನು. ಮನುವಾದರೋ ಅದನ್ನೇ ಕಾಮಜವಾದ ಹತ್ತು ವ್ಯಸನಗಳ ಮೊದಲಲ್ಲಿರಿಸಿದನು. ಕವಿಗೆ ಅಲಂಕಾರವಾದುದು ಧರ್ಮಶಾಸ್ತ್ರಕಾರನಿಗೆ ದೋಷವಾಯಿತು. ಈ ವಿರೋಧವನ್ನು ಹೊಸ ಬೆಳಕಿನಲ್ಲಿ ನೋಡುವುದಕ್ಕೆ ಅಮೆರಿಕದ ಸ್ಟೀವನ್ ರಿನೆಲ್ಲಾ ಎಂಬ ಲೇಖಕನು 2008ರಲ್ಲಿ ಪ್ರಕಟಿಸಿದ ‘ಅಮೆರಿಕನ್ ಬಫಲೋ’ ಎಂಬ ಗದ್ಯಗ್ರಂಥವು ಸಹಾಯಕವಾಗಿದೆ.

ಗ್ರಂಥದ ವಸ್ತು ಬೈಸನ್ ಎಂಬ ಮೃಗ. ಕನ್ನಡನಾಡಿನ ಕಾಟಿಯನ್ನು ಆಂಗ್ಲರು ಇದೇ ಹೆಸರಿನಿಂದ ಕರೆದರಾದರೂ ಇದರ ಜಾತಿಯೇ ಬೇರೆ. 2005ರಲ್ಲಿ ಗ್ರಂಥಕರ್ತನಿಗೆ ಅಲಾಸ್ಕಾದ ಕಾಡಿನಲ್ಲಿ ಒಂದು ಬೈಸನ್ನನ್ನು ಬೇಟೆಯಾಡುವ ಅನುಮತಿಯು ಚೀಟಿ ಎತ್ತುವುದರಲ್ಲಿ ದೊರೆಯಿತು. ಆ ಅನುಮತಿ ನೂರರಲ್ಲಿ ಇಬ್ಬರಿಗೆ ಮಾತ್ರ ಲಭ್ಯ. ಲಭಿಸಿದವರಲ್ಲಿಯೂ ಐವರಲ್ಲೊಬ್ಬನಿಗೆ ಕೈಗೂಡುವುದು ದುರ್ಲಭ. ಅಲ್ಲಿ ರಸ್ತೆಯಿಲ್ಲ, ಹಿಮ, ಪರ್ವತ, ನದಿಗಳೇ ಎಲ್ಲ.

ಇಂತಹ ಸ್ಥಳದಲ್ಲಿ ಬೇಟೆಯ ಸಿದ್ಧತೆಯೆಂದರೇನು? ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನು ಕಾಡನ್ನು ಹೊಗುವುದಕ್ಕೆ ಮೊದಲೇ ನಾಯಿಗಳವರೂ ಬಲೆಗಾರರೂ ಅಲ್ಲಿ ಸೇರಿರುವರು. ಕಾಳ್ಗಿಚ್ಚು ಕಳ್ಳರ ಭಯಗಳು ನೀಗಿರುವವು. ಸಿದ್ಧತೆಯೆಲ್ಲ ಭೃತ್ಯರದು, ಕವಿ ಅದನ್ನು ಅರ್ಧ ಶ್ಲೋಕದಲ್ಲಿ ಮುಗಿಸುವನು. ಮೇಲೆ ನುಗ್ಗಿಬಂದ ಕಾಡುಕೋಣದ ಕಣ್ಣಿನೊಳಗೆ ಹೊಕ್ಕ ಬಾಣವು ಗರಿಗೆ ರಕ್ತ ಸೋಂಕದಂತೆ ದೇಹವನ್ನು ಭೇದಿಸಿ, ಕೋಣವನ್ನು ಮೊದಲು ಕೆಡವಿ ತಾನು ಆಮೇಲೆ ಬೀಳುತ್ತದೆ. ಕಲ್ಪನೆ ಅತಿ ರಮಣೀಯ. ಆದರೆ ಬಿದ್ದ ಕೋಣವು ಏನಾಯಿತು? ಕಾವ್ಯವು ಖಡ್ಗಮೃಗಗಳ ಕಡೆಗೆ ಸಾಗಿಬಿಡುತ್ತದೆ.

ರಿನೆಲ್ಲಾನ ಗ್ರಂಥದಲ್ಲಿ ಗುಂಡು ಹಾರಿದ ಬಳಿಕವೇ ನಿಜವಾದ ಕಷ್ಟವು ಮೊದಲಾಗುವುದು. ತಿನ್ನತಕ್ಕ ಮಾಂಸವನ್ನು ಕೆಡಿಸಿಬಿಡುವುದು ಅಲಾಸ್ಕಾದ ಕಾನೂನಿನಲ್ಲಿ ಅಪರಾಧ. ನೂರಾರು ಸೇರು ತೂಗುವ ಆ ಭಾರವನ್ನು ಹಿಮದ ಇಳಿಜಾರಿನಿಂದ ಇಳಿಸಿ, ಹಿಂಬಾಲಿಸುವ ಕರಡಿಗಳಿಂದ ಕಾಯ್ದು, ಚಳಿಯಿಂದ ದೇಹವು ಮರಗಟ್ಟುತ್ತಿರಲು ತೆಪ್ಪದಲ್ಲಿ ಹೊಳೆಯ ಮೇಲೆ ಸಾಗಿಸಬೇಕು. ಆದುದರಿಂದ ಇಲ್ಲಿ ಸಿದ್ಧತೆಯೆಂಬುದು ಕೊಲ್ಲುವ ಉಪಾಯಕ್ಕಿಂತ ಮಿಗಿಲಾಗಿ ಹೊರುವ ಉಪಾಯ. ಹೊರಲಾರದವನು ಹೊಡೆಯತಕ್ಕದ್ದಲ್ಲ.

ಈ ನಿಯಮದ ಬೆಲೆಯನ್ನು ಗ್ರಂಥದ ಚರಿತ್ರಭಾಗವು ತಿಳಿಸುತ್ತದೆ. 1870ರ ದಶಕದಲ್ಲಿ ಅಮೆರಿಕದ ಬಯಲುಗಳಿಗೆ ರೈಲು ಬಂದು ಚರ್ಮದ ವ್ಯಾಪಾರವು ಹಬ್ಬಿದಾಗ, ಬೇಟೆಗಾರರು ಚರ್ಮವನ್ನಷ್ಟೆ ಸುಲಿದು ಹೆಣಗಳನ್ನು ಕೊಳೆಯಬಿಟ್ಟರು. ಕೋಟಿಗಟ್ಟಲೆಯಿದ್ದ ಸಂತತಿಯು 1889ರ ಹೊತ್ತಿಗೆ ಸಾವಿರದ ಆಸುಪಾಸಿಗೆ ಇಳಿಯಿತು. ಅಲಾಸ್ಕಾದ ಈ ಹಿಂಡುಗಳಾದರೂ 1928ರಲ್ಲಿ ಮಾಂಟಾನಾದಿಂದ ತಂದು ಬಿಟ್ಟವುಗಳ ಸಂತಾನ. ಹಾದಿ ಸುಗಮವಾದಲ್ಲಿ ಸಂಹಾರಕ್ಕೆ ಮಿತಿಯಿರಲಿಲ್ಲ. ಹಾದಿಯಿಲ್ಲದಲ್ಲಿ ಬೇಟೆಗಾರನ ಬೆನ್ನೇ ಮಿತಿ.

ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಬೇಟೆಯ ಕಥೆಯು ರಸಕ್ಕೇರುವಷ್ಟರಲ್ಲಿ ಲೇಖಕನು ಮೂಳೆ, ನಾಣ್ಯ, ಪುರಾತನ ವಸ್ತುಗಳ ವಿಚಾರಕ್ಕೆ ಹೊರಟು ಓದುಗನ ಚಿತ್ತವನ್ನು ಚದರಿಸುತ್ತಾನೆ. ಹರಿಣಕ್ಕೆ ಅಡ್ಡನಿಂತ ಹರಿಣಿಯನ್ನು ಕಂಡು ದಶರಥನು ಕಿವಿಯವರೆಗೆ ಎಳೆದ ಬಾಣವನ್ನು ಹಿಂದೆಗೆದುಕೊಂಡ ಆ ಒಂದು ಕ್ಷಣಕ್ಕೆ ಸಮನಾದ ಸೂಕ್ಷ್ಮತೆಯು ಈ ಗದ್ಯದಲ್ಲಿ ದೊರೆಯದು.

ಆದರೂ ಇದನ್ನೋದಿದವರು ರಘುವಂಶದ ಸರ್ಗವನ್ನು ಮತ್ತೊಮ್ಮೆ ತೆರೆದು ನೋಡುವುದು ಲೇಸು. ಅಷ್ಟು ಮೃಗಗಳನ್ನು ಕೆಡವಿದ ಅರಸನು ತಾನಾಗಿ ಎತ್ತಿಕೊಂಡುಹೋದ ದೇಹವು ಒಂದೇ: ಆನೆಯೆಂದು ಭ್ರಮಿಸಿ ಹೊಡೆದ ಮುನಿಕುಮಾರನದು. ಬಾಣವನ್ನು ಕೀಳದೆಯೇ ಅವನನ್ನು ಅಂಧರಾದ ತಂದೆತಾಯಿಗಳ ಬಳಿಗೆ ಕೊಂಡೊಯ್ದಾಗಲೇ ಅರಸನಿಗೆ ಮೃಗಯೆಯ ತೂಕವು ತಿಳಿದುದು. ಅಲಾಸ್ಕಾದ ಬೇಟೆಗಾರನು ಮೊದಲೇ ಎಣಿಸಿ ಹೊರಟ ಭಾರವನ್ನು ದಶರಥನು ಕಡೆಯಲ್ಲಿ ಹೊತ್ತನು.