ಖಡ್ಗವಲ್ಲ, ಕಾಯಿದೆ

ನಮ್ಮ ಸಂಘದ ರಾಜ್ಯೋತ್ಸವದ ವೇದಿಕೆಗೆ ಪ್ರತಿವರ್ಷವೂ ಒಬ್ಬಳಾದರೂ ಪುಟ್ಟ ಚೆನ್ನಮ್ಮ ರಟ್ಟಿನ ಖಡ್ಗ ಹಿಡಿದು ಬರುತ್ತಾಳೆ. ನಾವು ಮನಸಾರೆ ಚಪ್ಪಾಳೆ ತಟ್ಟುತ್ತೇವೆ. ಚಪ್ಪಾಳೆ ತಪ್ಪಲ್ಲ. ಆದರೆ ಆಳಿದ ಹೆಣ್ಣೆಂದರೆ ಕಾದಾಡಿದ ಹೆಣ್ಣು ಎಂದಷ್ಟೇ ತಿಳಿಯುವ ಅಭ್ಯಾಸ ನಮ್ಮಲ್ಲಿ ಬೆಳೆದುಬಿಟ್ಟಿದೆ. ಈ ದೋಷ ನಮ್ಮದೊಂದೇ ಅಲ್ಲವೆಂಬುದು ಇಟಲಿಯ ಪಶ್ಚಿಮಕ್ಕಿರುವ ಸಾರ್ಡೀನಿಯ ದ್ವೀಪದ ಎಲಿಯನೋರಾಳ ಚರಿತ್ರೆಯನ್ನು ಓದಿದಾಗ ನಮಗೆ ಮನವರಿಕೆಯಾಯಿತು.

ಆ ದ್ವೀಪದ ಅರ್ಬೊರೆಯ ರಾಜ್ಯದಲ್ಲಿ ಆಳುವವರಿಗೆ ಇದ್ದ ಬಿರುದಿನ ಅರ್ಥವೇ 'ನ್ಯಾಯಾಧೀಶ'. 1383ರಲ್ಲಿ ಎಲಿಯನೋರಾಳ ಅಣ್ಣ ಊಗೋನೆ ತನ್ನ ಮಗಳೊಡನೆ ಕೊಲೆಯಾದ. ಸಹಾಯ ಕೇಳಲು ಹೋದ ಗಂಡ ಬ್ರಾಂಕಲಿಯೋನೆ ದೋರಿಯಾನನ್ನು ಅರಗಾನಿನ ದೊರೆ ಸೆರೆಯಲ್ಲಿಟ್ಟ, ಬಿಡುಗಡೆಯಾದದ್ದು 1390ರಲ್ಲಿ. ಅಷ್ಟೂ ಕಾಲ ಚಿಕ್ಕ ಮಕ್ಕಳ ಹೆಸರಿನಲ್ಲಿ ರಾಜ್ಯ ನಡೆಸಿದವಳು, 1388ರಲ್ಲಿ ಅರಗಾನಿನೊಡನೆ ಸಂಧಿ ಮಾಡಿಕೊಂಡವಳು ಈಕೆ. ಕಥೆಗಾರರಿಗೆ ಇಷ್ಟು ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ದ್ವೀಪದ ಅಭಿಮಾನಿಗಳು ಹಳೆಯ ವೈಭವವನ್ನು ಕೊಂಡಾಡಿದರು. ಅರ್ಬೊರೆಯದ್ದೆಂದು ಹೇಳಿ ಹೊರಬಂದ ದಾಖಲೆಗಳ ರಾಶಿಯೇ ಖೋಟಾ ಎಂದು 1870ರಲ್ಲಿ ಬರ್ಲಿನ್ನಿನ ವಿದ್ವಾಂಸರು ತೀರ್ಪಿತ್ತರು. ಆಕೆಯದೆಂದು ಬಹುಕಾಲ ಪ್ರಚಾರದಲ್ಲಿದ್ದ ಭಾವಚಿತ್ರವೂ ಕ್ಯಾಸ್ಟೀಲಿನ ಹ್ವಾನಾ ರಾಣಿಯದು! ಮುಖವೇ ಬೇರೆಯವರದಾದ ಮೇಲೆ ಸ್ತುತಿಯ ಮಾತೇನು?

ಖೋಟಾ ಅಲ್ಲದ್ದು ಒಂದಿದೆ: 1392ರಲ್ಲಿ ಆಕೆ ಹೊರಡಿಸಿದಳೆನ್ನಲಾಗುವ 'ಕಾರ್ತಾ ದೆ ಲೋಗು' ಎಂಬ ಕಾನೂನು ಗ್ರಂಥ. ಅಧ್ಯಾಯಗಳು 198. ಭಾಷೆ ಪಂಡಿತರ ಲ್ಯಾಟಿನ್ ಅಲ್ಲ, ಜನರಾಡುವ ಸಾರ್ಡೀನಿಯನ್. ಇದರ ಮೂಲ ಆಕೆಯ ತಂದೆ ನಾಲ್ಕನೆಯ ಮರಿಯಾನೋನ ಕಾಯಿದೆ. ಕಾಲ ಬದಲಾಗಿದೆ, ಹದಿನಾರು ವರ್ಷಗಳಿಂದ ತಿದ್ದಿಲ್ಲ, ಆದ್ದರಿಂದ ತಿದ್ದುತ್ತಿದ್ದೇವೆ ಎಂಬ ಅಭಿಪ್ರಾಯ ಪೀಠಿಕೆಯಲ್ಲಿದೆ. ನಿಯಮಾವಳಿಗೆ ತಿದ್ದುಪಡಿ ಚೀಟಿ ಅಂಟಿಸುತ್ತಲೇ ಅರ್ಧ ಆಯುಷ್ಯ ಕಳೆದ ನಮ್ಮಂಥ ಗುಮಾಸ್ತರಿಗೆ ಈ ಮಾತಿನ ಬೆಲೆ ಗೊತ್ತು. ತಂದೆಯ ಮಾತೆಂದು ಪೂಜೆಗಿಡದೆ, ಹಳತೆಂದು ಎಸೆಯದೆ, ಕುಳಿತು ತಿದ್ದುವುದಕ್ಕೆ ಬೇರೆಯೇ ಧೈರ್ಯ ಬೇಕು.

ಗ್ರಂಥದಲ್ಲಿ ದೊಡ್ಡ ಮಾತಿಗಿಂತ ಹೊಲಮನೆಯ ಮಾತೇ ಹೆಚ್ಚು. ಸೆಪ್ಟೆಂಬರ್ 8ರ ಹಬ್ಬಕ್ಕೆ ಮುಂಚೆ ಹೊಲಕ್ಕೆ ಬೆಂಕಿಯಿಟ್ಟರೆ 25 ಲೀರಾ ದಂಡ. ಗಿಡುಗದ ಗೂಡಿಗೆ ಕೈಹಾಕುವಂತಿಲ್ಲ. ಒಂದು ಜಾತಿಯ ಗಿಡುಗಕ್ಕೆ ಇಂದಿಗೂ ಎಲಿಯನೋರಾಳ ಹೆಸರೇ ಇದೆ. ಕೊಲೆಗಾರನಿಗೆ ಶಿರಚ್ಛೇದ, ಎಷ್ಟು ಹಣ ಸುರಿದರೂ ಬಿಡುಗಡೆಯಿಲ್ಲ. ಅತ್ಯಾಚಾರಕ್ಕೊಳಗಾದ ಕನ್ಯೆಯನ್ನು ಅಪರಾಧಿ ಮದುವೆಯಾಗಬೇಕು, ಆದರೆ ಆಕೆ ಒಪ್ಪಿದರೆ ಮಾತ್ರ. ಒಪ್ಪದಿದ್ದರೆ ಬೇರೆ ಮದುವೆಗೆ ವರದಕ್ಷಿಣೆ ಕೊಡಬೇಕು. 'ಒಪ್ಪಿದರೆ' ಎಂಬ ಆ ಒಂದು ಮಾತನ್ನು ಆರುನೂರು ವರ್ಷಗಳ ಹಿಂದೆ ಕಾಯಿದೆಯಲ್ಲಿ ಬರೆಸಿದ್ದು ಯಾವ ಯುದ್ಧವನ್ನು ಗೆದ್ದುದಕ್ಕಿಂತಲೂ ಕಡಿಮೆಯಲ್ಲ.

ಹಾಗೆಂದು ನಾವು ಆರತಿ ಎತ್ತಲು ಸಿದ್ಧರಿಲ್ಲ. ಅದೇ ಅಪರಾಧಕ್ಕೆ ವಿವಾಹಿತೆಯ ವಿಷಯದಲ್ಲಿ ದಂಡ 500 ಲೀರಾ; ಹದಿನೈದು ದಿನಗಳಲ್ಲಿ ಕೊಡಲಾಗದವನ ಪಾದ ಕತ್ತರಿಸಬೇಕು. ಅಂದರೆ ಉಳ್ಳವನ ಥೈಲಿ ಹಗುರಾಗುತ್ತದೆ, ಇಲ್ಲದವನ ಕಾಲು ಹೋಗುತ್ತದೆ. ಕೊಲೆಯಲ್ಲಿ ಹಣಕ್ಕೆ ಬಾಗಿಲು ಮುಚ್ಚಿದವಳು ಇಲ್ಲಿ ತೆರೆದಿಟ್ಟಳು. ಆ ಕಾಲದ ಪದ್ಧತಿಯೇ ಹಾಗೆ ಎನ್ನಬಹುದು. ಆದರೆ ಹಿರಿಮೆಗೆ ಆಕೆ, ಕೊರತೆಗೆ ಕಾಲ ಎಂದು ಹಂಚುವುದು ವಿಮರ್ಶೆಯಲ್ಲ, ಭಟ್ಟಂಗಿತನ.

ಆಕೆ 1403–04ರ ಸುಮಾರಿಗೆ ತೀರಿಕೊಂಡಳು. 1409ರ ಸಾನ್ಲೂರಿ ಕದನದಲ್ಲಿ ಅರ್ಬೊರೆಯ ಸೋತಿತು. 1420ರಲ್ಲಿ ರಾಜ್ಯದ ಹಕ್ಕೇ ಅರಗಾನಿಗೆ ಮಾರಾಟವಾಯಿತು. ಆದರೆ ಗೆದ್ದವರೇ 1421ರಲ್ಲಿ ಸೋತವಳ ಕಾಯಿದೆಯನ್ನು ದ್ವೀಪದ ಹೆಚ್ಚಿನ ಭಾಗಕ್ಕೆ ಅನ್ವಯಿಸಿದರು. ಅದು 1827ರವರೆಗೆ ಬಾಳಿತು. ಖಡ್ಗ ಉಳಿಸಲಾರದ್ದನ್ನು ಜನರ ನುಡಿಯಲ್ಲಿ ಬರೆದ ಕಾಗದ ಉಳಿಸಿತು.

ಮುಂದಿನ ನವೆಂಬರಿನಲ್ಲಿ ಪುಟ್ಟ ಚೆನ್ನಮ್ಮನಿಗೆ ನಾವು ಮತ್ತೆ ಚಪ್ಪಾಳೆ ತಟ್ಟುವೆವು. ಆದರೆ ಆಕೆಯ ಪಕ್ಕದಲ್ಲಿ, ಕೈಯಲ್ಲಿ ಲೇಖನಿ ಹಿಡಿದ ಇನ್ನೊಬ್ಬ ಹುಡುಗಿಯೂ ನಿಂತಿದ್ದರೆ ನಮಗೆ ಹೆಚ್ಚು ಸಂತೋಷವಾದೀತು.