ಕಲ್ಲು ತಂದರೆ ಊರೇ ಬಂತು

ರಾತ್ರಿ ಹನ್ನೊಂದರ ಮೇಲೆ ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತಿಕೊಂಡು, ದೀಪವಾರಿಸಿದ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂರುವುದು. ಫ್ಲಾರಿಡಾದ ಟ್ಯಾಂಪಾದಲ್ಲಿರುವ ತಮ್ಮನ ಮಗನ ಮನೆಯಲ್ಲಿ ಎರಡು ತಿಂಗಳು ನಾನು ಮಾಡಿದ್ದು ಮುಖ್ಯವಾಗಿ ಇಷ್ಟೇ. “ದೊಡ್ಡಪ್ಪ, ಡಿಸ್ನಿ ನೋಡಿ ಬರೋಣ” ಅಂತ ಅವನು ಎರಡು ಸಲ ಕರೆದ. ಹೋಗಲಿಲ್ಲ.

ನಾನು ಹೋದ ವಾರವೇ ಅವನ ಉಪ್ಪುನೀರಿನ ಅಕ್ವೇರಿಯಂಗೆ ‘ಲೈವ್ ರಾಕ್’ ಬಂದಿತ್ತು. ಹೆಸರಿಗೆ ಲೈವ್, ಕಲ್ಲೇನೋ ಸತ್ತದ್ದೇ, ಹವಳದ ಅಸ್ಥಿಯೋ ಸುಣ್ಣಕಲ್ಲೋ. ಜೀವ ಇರುವುದು ಅದರ ಮೈಮೇಲೆ, ತೂತುಗಳಲ್ಲಿ. ಹೊರಮೈಯ ಬ್ಯಾಕ್ಟೀರಿಯಾ ಮೀನಿನ ಗಲೀಜಿನ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಆಮ್ಲಜನಕ ತಲುಪದ ಒಳಸಂದಿಯವು ಆ ನೈಟ್ರೇಟನ್ನು ಸಾರಜನಕವಾಗಿಸಿ ಹೊರಹಾಕುತ್ತವೆ. ಜಕಾರ್ತಾದ ಲೀ ಚಿನ್ ಎಂಗ್ ಇಂಥ ಕಲ್ಲು ಮತ್ತು ಗಾಳಿಗುಳ್ಳೆಗಳನ್ನೇ ನಂಬಿ ತೊಟ್ಟಿ ಸಾಕುವ ಬಗೆಯನ್ನು 1961ರಲ್ಲೇ ಬರೆದಿದ್ದ. ಫ್ಲಾರಿಡಾದವರು ಸಮುದ್ರದ ಸಹಜ ಕಲ್ಲನ್ನು ಕೀಳುವುದನ್ನು 1990ರ ದಶಕದಲ್ಲಿ ನಿಲ್ಲಿಸಿದರು. ಈಗ ನೆಲದಿಂದ ತೆಗೆದ ಸುಣ್ಣಕಲ್ಲನ್ನು ಗುತ್ತಿಗೆಯ ಕಡಲತಳದಲ್ಲಿ ಸುರಿದು, ವರ್ಷಗಟ್ಟಲೆ ಬಿಟ್ಟು, ಮೇಲೆತ್ತಿ ಮಾರುತ್ತಾರೆ. ಕಲ್ಲಿನ ಬೇಸಾಯ ಅನ್ನಿ. (ನಮ್ಮಲ್ಲಿ ಈ ಆಸೆ ಬೇಡ. ಬಂಡೆ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಮುರ್ಡೇಶ್ವರದಿಂದ ನೇತ್ರಾಣಿಗೆ ಹೋದವರು ಮುಳುಗಿ ನೋಡಿ ಬರಬೇಕು, ಜೇಬು ತುಂಬಿಕೊಂಡು ಬರಬಾರದು.)

ಕಲ್ಲಿನ ಜೊತೆ ಟಿಕೆಟ್ ಇಲ್ಲದೆ ಬರುವವರೇ ನನ್ನ ಆಸಕ್ತಿ. ಮೊದಲ ರಾತ್ರಿ ಕಂಡದ್ದು ಬಿರುಗೂದಲಿನ ಹುಳ. ಸೊಸೆ ಚೀರಿದಳು. ನಮ್ಮ ಕಂಬಳಿಹುಳದ ಹಾಗೆಯೇ ಮುಟ್ಟಿದರೆ ಕೂದಲು ಬೆರಳಿಗೆ ನಾಟಿ ಉರಿಯುತ್ತದೆ. ಅಂಟುಟೇಪು ಒತ್ತಿ ಕಿತ್ತರೆ ಬರುತ್ತದೆ. ಆದರೆ ಹವಳ ತಿನ್ನುವ ಬೆಂಕಿಹುಳದಂಥ ಒಂದೆರಡು ಜಾತಿ ಬಿಟ್ಟರೆ ಇವು ಉಳಿದ ಮೇವು, ಸತ್ತ ಮೀನು ತಿಂದು ತೊಟ್ಟಿ ಚೊಕ್ಕ ಮಾಡುವ ಜನ. ಹುಳ ವಿಪರೀತ ಹೆಚ್ಚಿದರೆ ತಪ್ಪು ಹುಳದ್ದಲ್ಲ, ಮೇವು ಹಾಕುವ ಕೈಯದು.

ಐಪ್ಟೇಸಿಯಾದ ಮೇಲೆ ಮಾತ್ರ ನನಗೆ ಕನಿಕರವಿಲ್ಲ. ಗಾಜಿನಂತೆ ಕಂದುಬಣ್ಣದ, ಬೆರಳುದ್ದವೂ ಇಲ್ಲದ ಕಡಲಹೂವು. ಕೆರೆದು ತೆಗೆಯಲು ಹೋದಿರೋ, ರಕ್ತಬೀಜಾಸುರನ ಕಥೆ: ಬುಡದ ಚೂರು ಉಳಿದರೆ ಚೂರಿಗೊಂದು ಹೊಸ ಹೂವು. ಲೈಸ್ಮಾಟಾ ಜಾತಿಯ ಪೆಪ್ಪರ್‌ಮಿಂಟ್ ಸೀಗಡಿ ಇದನ್ನು ಮೇಯುತ್ತದೆ, ಮನಸ್ಸಿದ್ದರೆ. ಬೆರ್ಗಿಯಾ ಎಂಬ ಚಿಪ್ಪಿಲ್ಲದ ಬಸವನಹುಳಕ್ಕಾದರೆ ಬೇರೆ ಊಟವೇ ಇಲ್ಲ. ಬೇಸತ್ತು ಕಲ್ಲನ್ನೇ ಕುದಿಸುವವರುಂಟು, ದಯವಿಟ್ಟು ಬೇಡ. ಅದಕ್ಕಂಟಿದ ಗುಂಡಿ ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಇದ್ದರೆ ಆ ಆವಿ ಮನೆಯವರನ್ನೆಲ್ಲ ಆಸ್ಪತ್ರೆಗೆ ಹಾಕುತ್ತದೆ.

ಮೂರನೆಯ ವಾರ ‘ಟಕ್’ ಸದ್ದು ಶುರುವಾಯಿತು. ಬೆಳಿಗ್ಗೆ ಬಸವನಹುಳಗಳ ಚಿಪ್ಪು ಒಡೆದು ಬಿದ್ದಿರುತ್ತಿತ್ತು. ಪಿಸ್ತೂಲು ಸೀಗಡಿಯೂ ಹೀಗೆ ಚಿಟಿಕೆ ಹೊಡೆಯುತ್ತದೆ, ಆದರೆ ಚಿಪ್ಪಿನ ರಾಶಿ ಹಾಕುವುದಿಲ್ಲ. ಇದು ಮಾಂಟಿಸ್ ಸೀಗಡಿಯೇ. ಇದರ ಬಳಗದ ನವಿಲುಬಣ್ಣದ ಜಾತಿಯ ಗುದ್ದಿನ ವೇಗ ಸೆಕೆಂಡಿಗೆ 23 ಮೀಟರ್‌ವರೆಗೆ ಎಂದು ಶೀಲಾ ಪಾಟೆಕ್ ಮತ್ತು ಸಂಗಡಿಗರು 2004ರಲ್ಲಿ ಅಳೆದರು. ಗುದ್ದಿದ ಜಾಗದಲ್ಲಿ ನೀರೇ ಗುಳ್ಳೆಯಾಗಿ ಸಿಡಿದು ಇನ್ನೊಂದು ಪೆಟ್ಟು ಕೊಡುತ್ತದೆ. ಐದನೆಯ ರಾತ್ರಿ ಕೆಂಪು ಬೆಳಕಿನಲ್ಲಿ ಬಿಲದ ಬಾಯಲ್ಲಿ ಎರಡು ಕಣ್ಣು ಕಂಡವು: ಕಡ್ಡಿಗೆ ಸಿಕ್ಕಿಸಿದಂತೆ, ಒಂದು ಈ ಕಡೆ, ಇನ್ನೊಂದು ಆ ಕಡೆ ತಿರುಗುತ್ತ. ಅಷ್ಟು ಹೊತ್ತು ನಾನು ಅದನ್ನು ನೋಡಿದೆನೋ, ಅದು ನನ್ನನ್ನು ನೋಡಿತೋ.

ಇಂಥವನ್ನು ಹಿಡಿಯುವುದರಲ್ಲಿ ಪರಿಣತರೂ ಸೋತಿದ್ದಾರೆ. ಇಂಗ್ಲೆಂಡಿನ ನ್ಯೂಕೀಯಲ್ಲಿರುವ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳಗಳು ತಿಂಗಳುಗಟ್ಟಲೆ ತುಂಡಾಗುತ್ತಿದ್ದವು, ಒಂದು ಮೀನಿಗೂ ಗಾಯವಾಗಿತ್ತು. ಆಮಿಷವಿಟ್ಟ ಬೋನುಗಳೂ ಚಿಂದಿಯಾದವು. 2009ರಲ್ಲಿ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿದಾಗ ಸಿಕ್ಕಿದ್ದು ನಾಲ್ಕಡಿಯ ಬಾಬಿಟ್ ಹುಳ. ಅದಕ್ಕೆ ಬ್ಯಾರಿ ಎಂದು ಹೆಸರಿಟ್ಟು ಬೇರೆ ತೊಟ್ಟಿಯಲ್ಲಿ ಸಾಕಿದರು.

ಈಚೆಗೆ ಒಣಗಿಸಿದ ಕಲ್ಲು ಸಿಗುತ್ತದೆ. ಅದರಲ್ಲಿ ಯಾವ ಕಳ್ಳನೂ ಇಲ್ಲ. ಹೊಸಬರಿಗೆ ಅದೇ ಸರಿ, ಒಪ್ಪುತ್ತೇನೆ. ನನಗೆ ಮಾತ್ರ ಅದು ಸುಣ್ಣ ಬಳಿದು ಯಾರೂ ಒಕ್ಕಲು ಬಾರದ ಮನೆಯಂತೆ. ಮರಿನಕ್ಷತ್ರ, ಎಳೆಎಳೆಯಾಗಿ ಕೈಚಾಚುವ ಹುಳ, ಗಾಜಿನ ಮೇಲೆ ಧೂಳಿನಂತೆ ಓಡಾಡುವ ಕೋಪಿಪಾಡ್, ಇವನ್ನೆಲ್ಲ ಯಾವ ಅಂಗಡಿಯವನು ತೂಗಿಕೊಡುತ್ತಾನೆ?

ನಮ್ಮ ಮಾಂಟಿಸ್‌ಗೆ ಸೋಡಾ ಉಪಾಯ ಹೂಡಿದೆವು. ಕಲ್ಲನ್ನು ಬಕೆಟ್ಟಿನ ಮೇಲೆ ಎತ್ತಿ ಹಿಡಿದು ಬಿಲಕ್ಕೆ ಬರಿ ಸೋಡಾ ಬಿಟ್ಟರೆ ಉಸಿರುಗಟ್ಟಿ ಹೊರಬೀಳುತ್ತದೆ. ಎರಡನೆಯ ಸಿರಿಂಜಿಗೆ ಬಿತ್ತು: ಹಸಿರು ಮೈ, ಎರಡಂಗುಲ ಉದ್ದ. ಕೊಲ್ಲಬೇಡ ಎಂದೆ. ಈಗ ಅದು ಅಡುಗೆಮನೆಯ ಕಟ್ಟೆಯ ಮೇಲೆ ಪುಟ್ಟ ತೊಟ್ಟಿಯಲ್ಲಿದೆ. ಅದರ ಊಟಕ್ಕೆಂದು ಹುಡುಗ ವಾರವಾರ ಬಸವನಹುಳ ಕೊಂಡು ತರುತ್ತಾನೆ. ದುಡ್ಡು ಕೊಟ್ಟು ತಂದ ಮೀನುಗಳಿಗೂ ಅಷ್ಟು ಖರ್ಚು ಮಾಡುತ್ತಿಲ್ಲವಂತೆ.